ಹೊತ್ತು ಮುಳುಗೋಕ್ ಮುಂಚೆ ಗಾಡಿ ಬುಡ್ಬೇಕು

ಈಗ ಮೊಬೈಲ್ ತೆಗೆದ್ರೆ ಸಾಕು, ಯಾವ್ದೋ ದೇಶದ ಗಂಡ-ಹೆಂಡ್ತಿ ಎರಡು ಕೂಸುಗಳನ್ನ ಕೂರಿಸ್ಕೊಂಡು, ಕಾರಿನ ಹಿಂದಕ್ಕೆ ಒಂದು ಪುಟ್ಟ ಮನೇನೇ ತಗುಲಿಸ್ಕೊಂಡು, ಕಾಡು-ಮೇಡು ಸುತ್ತೋ ವಿಡಿಯೊಗಳು ಬತ್ತವೆ. ಒಳಗೇ ಒಲೆ, ಒಳಗೇ ಹಾಸಿಗೆ, ಒಳಗೇ ನೀರಿನ ಟ್ಯಾಂಕು. ನಮ್ಮ ಹೆಣ್ಣೈಕ ಅದನ್ನ ನೋಡಿ ಬಾಯಿ ಬಿಡ್ತವೆ. ಚೆಂದವೇ, ಇಲ್ಲ ಅನ್ನೋಕಾಗಲ್ಲ. ಆದ್ರೆ ಚಾಮರಾಜನಗರ, ಗುಂಡ್ಲುಪೇಟೆ ಕಡೆ ಹಟ್ಟೀಲಿ ಹುಟ್ಟಿ ಬೆಳೆದ ಹೆಂಗಸ್ರಿಗೆ ಇದೇನು ಕೇಳರಿಯದ ಸಂಗತಿ ಅಲ್ಲ ಕನ್ರವ್ವ. ಮನೇನ ಗಾಡಿ ಮೇಲೆ ಹೇರ್ಕೊಂಡು, ಐಕಳನ್ನ ಕಟ್ಕೊಂಡು, ಆನೆ-ಹುಲಿ ಇರೋ ಕಾಡಿನ ದಾರೀಲಿ ದಿನಗಟ್ಲೆ ಹೋಗಿ ಬರೋದು ನಮ್ಮ ಅಜ್ಜಿ-ಮುತ್ತಜ್ಜಿಯರ ಬಾಳಲ್ಲಿ ಇದ್ದದ್ದೇ. ಅದಕ್ಕೆ ಅವರು ಹೇಳ್ತಿದ್ದ ಹೆಸರು ಪರಸೆ.

ರಸ್ತೆ ಚರಿತ್ರೆ ಬರೆಯೋರು ರಾಜರ ಹೆಸರು ಬರೀತಾರೆ, ಇಂಜಿನಿಯರ್ ಹೆಸರು ಬರೀತಾರೆ, ಎಷ್ಟು ಮೈಲಿ ಟಾರು ಬಿತ್ತು ಅಂತ ಬರೀತಾರೆ. ಆ ದಾರೀಲಿ ಮೂರು ಕಲ್ಲು ಹೂಡಿ ಹಿಟ್ಟು ತಿರುವಿದ ಹೆಂಗಸ್ರ ಲೆಕ್ಕ ಎಲ್ಲೂ ಇರಲ್ಲ. ಅವರು ಪಾಲಿಸ್ತಿದ್ದ ಕಟ್ಟುಪಾಡುಗಳಲ್ಲಿ ಒಂದು ಮಾತ್ರ ಇವತ್ತು ಕೋರ್ಟಿನ ಆದೇಶವಾಗಿ ನಮ್ಮ ಬಂಡೀಪುರದ ಗೇಟಲ್ಲಿ ನಿಂತಿದೆ. ಅದು ಹೆಂಗೆ ಅಂತ ಹೇಳ್ತೀನಿ, ಸಾವಧಾನವಾಗಿ ಓದಿ.

ಮೊದಲು ಹೊರಗಿನ ಮಾತು ಎರಡು. ಬರೀ ಸಂತೋಷಕ್ಕೆ ಅಂತ ಗಾಡಿ-ಮನೆ ಮಾಡಿಸ್ಕೊಂಡು ಊರೂರು ಸುತ್ತಿದವರಲ್ಲಿ ಮೊದಲಿಗ ಅಂತ ಹೆಸರಾದವನು ಗಾರ್ಡನ್ ಸ್ಟೇಬಲ್ಸ್ ಅನ್ನೋ ಡಾಕ್ಟ್ರು. 1885ರಲ್ಲಿ ಇಂಗ್ಲೆಂಡಲ್ಲಿ ಕುದುರೆ ಎಳೆಯೋ ಗಾಡಿ-ಮನೆ ಕಟ್ಟಿಸಿ ಅದಕ್ಕೆ 'ವಾಂಡರರ್' ಅಂತ ಹೆಸರಿಟ್ಟ. ಅಂದ್ರೆ ಈ ಶೋಕಿಗೆ ಇನ್ನೂ ನೂರೈವತ್ತು ವರ್ಷ ತುಂಬಿಲ್ಲ. ಅದಕ್ಕೂ ಮುಂಚೆ, 1840ರ ದಶಕದಿಂದ, ಅಮೆರಿಕದ ಸಂಸಾರಗಳು ಬಟ್ಟೆ ಹೊದಿಸಿದ ಎತ್ತಿನ ಬಂಡೀಲಿ ಪಶ್ಚಿಮದ ಆರೆಗಾನ್ ಸೀಮೆಗೆ ಹೋದವು. ಎರಡು ಸಾವಿರ ಮೈಲಿ ದಾರಿ, ನಾಲ್ಕೈದು ತಿಂಗಳ ಪಯಣ. ಸಿನಿಮಾದಲ್ಲಿ ಎಲ್ಲರೂ ಬಂಡಿ ಒಳಗೆ ಕೂತಿರ್ತಾರೆ. ನಿಜಕ್ಕೂ ಬಂಡಿ ತುಂಬ ಹಿಟ್ಟಿನ ಮೂಟೆ, ಪಾತ್ರೆ-ಪಡಗ. ಹೆಂಗಸ್ರು-ಐಕ ಬಹುತೇಕ ದಾರಿ ಉದ್ದಕ್ಕೂ ನಡ್ಕೊಂಡೇ ಹೋದದ್ದು. ಇದನ್ನ ಓದಿದಾಗ ನಂಗೆ ನಮ್ಮ ಕಡೆ ಮುದುಕೇರು ಹೇಳೋದೇ ಕಿವೀಲಿ ಬಂತು: "ಗಾಡಿ ಇದ್ದದ್ದು ಸಾಮಾನಿಗೆ ಕನವ್ವ, ಕಾಲು ಇದ್ದದ್ದು ನಮಗೆ."

ಈಗ ನಮ್ಮ ಸೀಮೆಗೆ ಬರೋಣ. ನಮ್ಮ ಜಿಲ್ಲೆ ನಕ್ಷೆ ಒಂದ್ಸಲ ಕಣ್ಮುಂದೆ ತಂದ್ಕೊಳ್ಳಿ. ಪಡುವಲಿಗೆ ಗುಂಡ್ಲುಪೇಟೆ, ಅದರ ಬೆನ್ನಿಗೆ ಬಂಡೀಪುರ, ಹಿಮವದ್ ಗೋಪಾಲಸ್ವಾಮಿ ಬೆಟ್ಟ. ನಡುವೆ ಚಾಮರಾಜನಗರ. ಮೂಡಲಿಗೆ ಬಿಳಿಗಿರಿರಂಗನ ಬೆಟ್ಟ, ಅದರಾಚೆ ಕೊಳ್ಳೇಗಾಲ, ಹನೂರು, ಕೊನೇಲಿ ಎಪ್ಪತ್ತೇಳು ಮಲೆಯ ಮಾದಪ್ಪ. ಊರುಗಳಿಗಿಂತ ಕಾಡೇ ಜಾಸ್ತಿ ಇರೋ ಸೀಮೆ ಇದು. ನಮ್ಮ ದೇವರುಗಳೆಲ್ಲ ಊರು ಬುಟ್ಟು ಕಾಡಲ್ಲೇ ಕೂತವ್ರೆ. ದೇವರನ್ನ ನೋಡ್ಬೇಕಾದ್ರೆ ಕಾಡು ಹಾಯ್ಲೇಬೇಕು. ಹಂಗಾಗಿ ಪರಸೆ ಅಂದ್ರೇನೇ ಕಾಡಿನ ಪಯಣ.

ಇನ್ನೊಂದು ಸಂಗತಿ ಬಹಳ ಜನಕ್ಕೆ ನೆನಪಿಲ್ಲ. ಚಾಮರಾಜನಗರ ಅಂದ್ರೆ ಹಳೇ ಅರಿಕುಠಾರ. ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರು ಅಂತ ಮುಮ್ಮಡಿ ಕೃಷ್ಣರಾಜ ಒಡೆಯರು ಅದಕ್ಕೆ ಈ ಹೆಸರಿಟ್ರು. ಇದು, ಗುಂಡ್ಲುಪೇಟೆ, ಎರಡೂ ಮೈಸೂರು ಸಂಸ್ಥಾನ. ಆದ್ರೆ ಕೊಳ್ಳೇಗಾಲ ಸೀಮೆ 1956ರ ನವೆಂಬರ್ ತನಕ ಮದ್ರಾಸಿನ ಕಡೆ, ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಂದ್ರೆ ನಮ್ಮ ಮುತ್ತಜ್ಜಿ ಗುಂಡ್ಲುಪೇಟೆ ಕಡೆಯಿಂದ ಮಾದಪ್ಪನಿಗೆ ಹರಕೆ ತೀರಿಸೋಕೆ ಹೊರಟ್ರೆ, ಮಹಾರಾಜರ ಸೀಮೆ ದಾಟಿ ಬ್ರಿಟಿಷರ ಸೀಮೆಗೆ ಹೋಗ್ತಿದ್ದಳು. ಅವಳಿಗೆ ಅದು ಗೊತ್ತಿತ್ತೋ ಇಲ್ವೋ, ಮಾದಪ್ಪನಿಗಂತೂ ಯಾವ ಸರ್ಕಾರವೂ ಲೆಕ್ಕಕ್ಕಿರಲಿಲ್ಲ. ನಮ್ಮದೇ ಜಿಲ್ಲೆ ಅಂತ ಆದದ್ದು 1997ರಲ್ಲಿ. ಜಿಲ್ಲೆ ಆಗೋಕೆ ಎಷ್ಟೋ ತಲೆಮಾರು ಮುಂಚೆಯೇ ಈ ಮೂರ್ನಾಕು ತಾಲ್ಲೂಕನ್ನ ಒಂದು ದಾರೀಲಿ ಪೋಣಿಸಿದ್ದು ಪರಸೆ ಗಾಡಿಗಳು.

ದಾರಿ ಲೆಕ್ಕ ಹಾಕಿ ನೋಡಿ. ಗುಂಡ್ಲುಪೇಟೆಯಿಂದ ಚಾಮರಾಜನಗರ ಸುಮಾರು 35 ಕಿಲೋಮೀಟರು. ಅಲ್ಲಿಂದ ಸಂತೇಮರಹಳ್ಳಿ, ಯಳಂದೂರು ಮೇಲೆ ಕೊಳ್ಳೇಗಾಲ ಇನ್ನೊಂದು 40. ಕೊಳ್ಳೇಗಾಲದಿಂದ ಕಾಮಗೆರೆ, ಹನೂರು, ಕೌದಳ್ಳಿ, ತಾಳಬೆಟ್ಟ ಹಾದು ಮಾದಪ್ಪನ ಪಾದಕ್ಕೆ 80ರ ಹತ್ರ. ಒಟ್ಟು 150 ದಾಟ್ತದೆ. ಎತ್ತು ಗಂಟೆಗೆ ಮೂರು-ನಾಕು ಕಿಲೋಮೀಟರು ನಡೀತದೆ, ನಡುಮಧ್ಯಾಹ್ನ ಬಿಡ್ಬೇಕು, ನೀರು ಕುಡಿಸ್ಬೇಕು. ದಿನಕ್ಕೆ 20-25 ಕಿಲೋಮೀಟರು ಆದ್ರೆ ಅದೇ ಹೆಚ್ಚು. ಹೋಗೋಕೆ ಒಂದು ವಾರ, ಬರೋಕೆ ಒಂದು ವಾರ, ಬೆಟ್ಟದಲ್ಲಿ ಎರಡು-ಮೂರು ದಿನ. ಹದಿನೈದು ದಿನ ಮನೆ ಬುಟ್ಟು ಇರೋದು! ಈಗ ನಾವು ಎರಡು ದಿನ ತವರಿಗೆ ಹೋಗ್ಬೇಕಾದ್ರೆ ಹಾಲಿನವನಿಗೆ, ಪಕ್ಕದ ಮನೆಯವರಿಗೆ, ನೀರು ಬಿಡೋನಿಗೆ ಎಲ್ಲಾ ಹೇಳಿ ಸಾಕಾಗ್ತದೆ.

ಆ ಗಾಡಿ ಹೆಂಗಿರ್ತಿತ್ತು ಅಂತ ಈಗಿನ ಐಕಳಿಗೆ ಹೇಳ್ಲೇಬೇಕು. ಗೊಬ್ಬರ ಹೊಡೆಯೋ ಗಾಡೀನೇ ತೊಳೆದು, ಬಿದಿರು ದಬ್ಬೆ ಬಗ್ಗಿಸಿ ಕಮಾನು ಕಟ್ಟಿ, ಮೇಲೆ ಚಾಪೆ ಹೊದಿಸಿದ್ರೆ ಅದೇ ಕಮಾನು ಗಾಡಿ. ಹೊರಡೋಕೆ ಮುಂಚೆ ಎತ್ತಿಗೆ ಲಾಳ ಕಟ್ಟಿಸ್ಬೇಕು, ಅಚ್ಚಿಗೆ ಕೀಲೆಣ್ಣೆ ಹಾಕ್ಬೇಕು, ಕಡಾಣಿ ಗಟ್ಟಿ ಐತಾ ನೋಡ್ಬೇಕು. ಒಳಗೆ ಮೊಣಕಾಲುದ್ದ ಹುಲ್ಲು ಹಾಸಿ, ಮೇಲೆ ಕಂಬಳಿ. ಆ ಹುಲ್ಲೇ ಮಕ್ಕಳಿಗೆ ಹಾಸಿಗೆ, ದಾರಿ ಉದ್ದಕ್ಕೂ ಎತ್ತಿಗೆ ಮೇವು. ಬೆಟ್ಟ ಹತ್ರ ಬಂದಂಗೆ ಹಾಸಿಗೆ ತೆಳ್ಳಗಾಗ್ತಾ ಹೋಗ್ತಿತ್ತು. ಗಾಡಿ ಕೆಳಗೆ ಲಾಟೀನು, ಹಿಂದುಗಡೆ ನೀರಿನ ಕೊಡ. ಎತ್ತಿನ ಕೊರಳಿಗೆ ಗಂಟೆ ಕಟ್ಟೋದು ಶೃಂಗಾರಕ್ಕಷ್ಟೇ ಅಲ್ಲ, ಮುಂದೆ ಇರೋ ಪ್ರಾಣಿಗೆ "ಬತ್ತಾ ಇದೀವಿ, ದಾರಿ ಬುಡು" ಅಂತ ಹೇಳೋಕೂ ಹೌದು.

ಎತ್ತು ಅಂದ್ರೆ ಹಳ್ಳಿಕಾರ್ ಎತ್ತು, ಇಲ್ಲಾ ಆಲಂಬಾಡಿ, ಇಲ್ಲಾ ಬರಗೂರು. ಹಳ್ಳಿಕಾರ್ ನಮ್ಮ ಮೈಸೂರು ಸೀಮೆದು. ಆಲಂಬಾಡಿ ಕಾವೇರಿ ಆಚೆ ಧರ್ಮಪುರಿ ಕಡೇದು. ಕೆಂಪು ಮೈ ಮೇಲೆ ಬಿಳಿ ಮಚ್ಚೆ ಇರೋ ಬರಗೂರು ಮಾದಪ್ಪನ ಬೆಟ್ಟದ ತೆಂಕಲಿಗಿರೋ ಬೆಟ್ಟಸಾಲಿಂದು. ತಲಕಾಡಿನ ಹತ್ರದ ಮುಡುಕುತೊರೆ ಜಾತ್ರೇಲಿ ಎತ್ತು ಕೊಳ್ಳೋಕೆ ಗಂಡಸ್ರು ಹೋಗ್ತಿದ್ರು. ಕೊಂಡು ತಂದ ಮೇಲೆ ಹುರಳಿ ಬೇಯಿಸಿ ಹಾಕಿ ಸಾಕಿದೋರು ಯಾರು ಅಂತ ನಾನು ಹೇಳ್ಬೇಕಾಗಿಲ್ಲ.

ಬುತ್ತಿ ಕಟ್ಟೋದೇ ಒಂದು ವಾರದ ಕೆಲಸ. ಕೆಡದಂಗಿರೋದು ಯಾವ್ದು, ಮೊದಲ ದಿನವೇ ಖಾಲಿ ಮಾಡ್ಬೇಕಾದ್ದು ಯಾವ್ದು ಅನ್ನೋ ಲೆಕ್ಕ ಪೂರಾ ಹೆಂಗಸ್ರ ತಲೇಲಿ. ಮೊದಲ ಎರಡು ದಿನಕ್ಕೆ ಹುಳಿ ಅನ್ನ, ರೊಟ್ಟಿ, ಹುಚ್ಚೆಳ್ಳು ಚಟ್ನಿ. ಆಮೇಲಕ್ಕೆ ಹುರಿಹಿಟ್ಟು, ಬೆಲ್ಲ, ಕಜ್ಜಾಯ. ಜೊತೆಗೆ ರಾಗಿ ಹಿಟ್ಟಿನ ಮೂಟೆ, ಹುರಳಿಕಾಳು, ಉಪ್ಪು, ಮೆಣಸಿನಕಾಯಿ, ಹುಣಸೆಹಣ್ಣು. ದೇವರಿಗೆ ಅಂತ ಎತ್ತಿಟ್ಟ ಅಕ್ಕಿ ಬೇರೆ, ಅದನ್ನ ದಾರೀಲಿ ಮುಟ್ಟಂಗಿಲ್ಲ. ಮಾದಪ್ಪನ ಪರಸೆ ಅಂದ್ರೆ ಹಟ್ಟಿ ಸಾರಿಸಿ, ಸೋಮವಾರ ಒಪ್ಪೊತ್ತಿದ್ದು, ಬಾಡು-ಬಳ್ಳೆ ಬುಟ್ಟು ಹೊರಡ್ಬೇಕು.

ಯಾರು ಹೋಗ್ಬೋದು ಅನ್ನೋ ಲೆಕ್ಕ ಇನ್ನೂ ಕಷ್ಟ. ಮುಟ್ಟಿನ ದಿನ ಎಣಿಸಿ, ಬಾಣಂತೀರನ್ನ ಬುಟ್ಟು, ಹಟ್ಟಿ ಕಾಯೋಕೆ ಒಬ್ಬಳನ್ನ ಉಳಿಸಿ, ಮಿಕ್ಕವರು ಹೊರಡ್ಬೇಕು. ಹದಿನೈದು ದಿನದ ಪಯಣಕ್ಕೆ ತಿಂಗಳ ಲೆಕ್ಕ ಕೂಡೋದು ಎಷ್ಟು ಕಷ್ಟ ಅಂತ ನೀವೇ ಯೋಚನೆ ಮಾಡಿ. ಮೂರು ಮಕ್ಕಳು ಬೇಡಿಕೊಂಡು ಹುಟ್ಟಿದವು, ಆದ್ರೂ ಹರಕೆ ಹೊತ್ತ ತಾಯಿಗೇ ಬೆಟ್ಟ ಕಾಣೋಕಾಗ್ಲಿಲ್ಲ ಅನ್ನೋ ಮಾತು ನಮ್ಮ ಕಡೆ ಎಷ್ಟು ಮನೇಲಿ ಇಲ್ಲ? ಮಾದಪ್ಪನ ಕತೇಲಿ ಸಂಕಮ್ಮನ ಸಾಲು ಬಂದಾಗ ಹೆಂಗಸ್ರು ಸೆರಗಲ್ಲಿ ಕಣ್ಣೊರಸ್ಕೊಳ್ಳೋದು ಸುಮ್ನೆ ಅಲ್ಲ. ಗಂಡನ ಅನುಮಾನಕ್ಕೆ ಸಿಕ್ಕಿ ಕಾಡಲ್ಲಿ ಒಬ್ಬಳೇ ಉಳಿದ ಸಂಕಮ್ಮನಿಗೆ ಮಾದಪ್ಪ ಮಕ್ಕಳ ಫಲ ಕೊಟ್ಟ. ಅದಕ್ಕೇ ಕಾಡು ಎಷ್ಟೇ ಭಯ ಆದ್ರೂ ಅಲ್ಲಿ ನಮ್ಮವನೊಬ್ಬ ಇದಾನೆ ಅನ್ನೋ ಧೈರ್ಯ ಹೆಂಗಸ್ರಿಗೆ. ಅವನು ಏರಿರೋದೂ ಹುಲಿ ಮೇಲೇನೇ.

ಭಯ ಅಂದ್ರೆ ಸುಮ್ಮನೆ ಭಯ ಅಲ್ಲ. 1870ರ ದಶಕದಲ್ಲಿ ಜಿ.ಪಿ. ಸ್ಯಾಂಡರ್ಸನ್ ಅನ್ನೋ ಇಂಗ್ಲಿಷ್ ಅಧಿಕಾರಿ ನಮ್ಮ ಚಾಮರಾಜನಗರದ ಹತ್ರಾನೇ ಬಿಡಾರ ಮಾಡ್ಕೊಂಡು ಇದ್ದ. ಮೈಸೂರು ಸರ್ಕಾರದ ಕಾಲುವೆ ಕೆಲಸದವನು. ಹೊನ್ನುಹೊಳೆ ಆಸುಪಾಸಲ್ಲಿ ಖೆಡ್ಡಾ ಮಾಡಿ ಆನೆ ಹಿಂಡು ಹಿಡಿಸಿ ಹೆಸರು ಮಾಡ್ದ. 1878ರಲ್ಲಿ ಬಂದ ಅವನ ಪುಸ್ತಕದಲ್ಲಿ ಈ ಸೀಮೆ ಆನೆ, ಹುಲಿ, ಕಾಡೆಮ್ಮೆ ತುಂಬ್ಕೊಂಡಿವೆ. ಅವನ ಕೈಲಿ ಬಂದೂಕಿತ್ತು, ಜೊತೇಲಿ ಆಳು-ಕಾಳು ಇದ್ರು. ಅದೇ ಕಾಡಿನ ಪಕ್ಕದಲ್ಲಿ ನಮ್ಮವರು ಒಂದು ಲಾಟೀನು, ಒಂದು ಬಾರುಕೋಲು ಹಿಡ್ಕೊಂಡು, ಸೊಂಟದಲ್ಲಿ ಕೂಸು ಎತ್ಕೊಂಡು ಹೋಗಿ ಬತ್ತಿದ್ರು. ಹೆಂಗೆ?

ಕಟ್ಟುಪಾಡಿನಿಂದ. ಒಬ್ಬಂಟಿ ಗಾಡಿ ಕಾಡಿಗೆ ಹೋಗಂಗಿಲ್ಲ. ಐದಾರು ಗಾಡಿ ಕೂಡಿದ ಮೇಲೇ ಹೊರಡೋದು. ಹೊತ್ತಾರೆ ಬೆಳಕು ಹರಿದ ಮೇಲೆ ನೊಗ ಹೂಡೋದು. ಎಲ್ಲಕ್ಕಿಂತ ದೊಡ್ಡ ಮಾತು: ಹೊತ್ತು ಮುಳುಗೋಕ್ ಮುಂಚೆ ಗಾಡಿ ಬುಡ್ಬೇಕು. ಮುಂದಿನ ಊರು ಕೂಗಳತೇಲಿ ಇದ್ರೂ ಸರಿ, ಬೈಗಾದ ಮೇಲೆ ನಡೆಯಂಗಿಲ್ಲ. ಬಯಲು ಕಡೆ, ನೀರು ಹತ್ತಿರ ಇರೋ ಜಾಗ, ಆದ್ರೆ ಪ್ರಾಣಿ ನೀರು ಕುಡಿಯೋಕೆ ಇಳಿಯೋ ಜಾಡಲ್ಲಿ ಅಲ್ಲ. ಗಾಡಿಗಳನ್ನ ಸುತ್ತ ನಿಲ್ಸಿ, ನಡುವೆ ಎತ್ತು, ಐಕ, ಹೆಂಗಸ್ರು, ಹೊರಗಡೆ ಬೆಂಕಿ. ಬೆಳಗಾಗೆದ್ದು ಆ ಬೆಂಕಿಗೆ ನೀರು ಸುರಿದು, ಬೂದಿ ಕೈಲಿ ಮುಟ್ಟಿ ತಣ್ಣಗಾಯ್ತು ಅಂತ ನೋಡಿ ಹೊರಡೋದು. ಉಳಿದ ಅನ್ನ ಅಲ್ಲೇ ಎಸೆದು ಹೋಗಂಗಿಲ್ಲ. ಇದೆಲ್ಲ ಯಾರೂ ಬರೆದಿಟ್ಟ ಕಾನೂನಲ್ಲ. ರಾತ್ರಿ ಹೊತ್ತು ಕಾಡು ನಮ್ಮದಲ್ಲ, ಅಲ್ಲಿರೋರದ್ದು ಅನ್ನೋ ತಿಳಿವಳಿಕೆ.

ಈ ಕಟ್ಟುಪಾಡು ಹೆಂಗಸ್ರು-ಐಕ ಜೊತೇಲಿದ್ದದ್ದಕ್ಕೇ ಇಷ್ಟು ಬಿಗಿಯಾಗಿತ್ತು ಅಂತ ನನ್ನ ಎಣಿಕೆ. ಗಂಡಸ್ರೇ ಸರಕು ಹೊಡ್ಕೊಂಡು ಹೋಗುವಾಗ ಬಿಸಿಲು ತಪ್ಪಿಸೋಕೆ ಬೆಳದಿಂಗಳಲ್ಲೂ ಗಾಡಿ ಹೊಡೀತಿದ್ರು. ಮಲಗಿದ ಕೂಸು ಗಾಡೀಲಿದ್ದಾಗ ಮಾತ್ರ ಸಂಜೆಗೇ ನೊಗ ಇಳೀತಿತ್ತು.

ತಾಳಬೆಟ್ಟದಿಂದ ಮೇಲಕ್ಕೆ ಕಾಲ್ನಡಿಗೆ. ಈಗಲೂ ಪಾದಯಾತ್ರೆಯವರು ಅಲ್ಲಿಂದಲೇ "ಉಘೇ ಮಾದಪ್ಪ" ಅಂತ ಹತ್ತೋದು. ಬೆಟ್ಟದಲ್ಲಿ ದೀಪಾವಳಿ ಹೊತ್ತಿಗೆ ಬೇಡಗಂಪಣರ ಮನೆಯ 101 ಹೆಣ್ಣುಮಕ್ಕಳು ಹಾಲಹಳ್ಳದಿಂದ ಕಾಡುದಾರೀಲಿ ಬರಿಗಾಲಲ್ಲಿ ನೀರು ಹೊತ್ತು ತರ್ತಾರೆ. ಅದೇ ಹಾಲರವೆ. ಕಾಡಿನ ದಾರಿ ನಡೆಯೋದು ಹೆಣ್ಣಿಗೆ ಹೊಸದಲ್ಲ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ?

ಇನ್ನು ಚಿಕ್ಕಲ್ಲೂರು. ಬನದ ಹುಣ್ಣಿಮೆಗೆ ಶುರುವಾಗೋ ಸಿದ್ದಪ್ಪಾಜಿ ಜಾತ್ರೆ ಐದು ದಿನ: ಚಂದ್ರಮಂಡಲ, ಹುಲಿವಾಹನ, ಮುಡಿಸೇವೆ, ಪಂಕ್ತಿಸೇವೆ, ಮುತ್ತುರಾಯನ ಸೇವೆ. ಐದೂ ದಿನ ಸಂಸಾರ ಸಮೇತ ಅಲ್ಲೇ ಬಿಡಾರ. ಹೊಲದಲ್ಲಿ ಗಾಡಿ ನಿಲ್ಸಿ, ಪಕ್ಕಕ್ಕೆ ಸೀರೆ-ತಾಟು ಕಟ್ಟಿದ್ರೆ ಮನೆ ಆಯ್ತು. ಯಾವ ಜಾತಿ, ಯಾವ ಊರು ಅಂತ ಇಲ್ದೆ ಪಕ್ಕಪಕ್ಕದಲ್ಲಿ ಒಲೆ ಉರಿಯೋ ಜಾಗ ಅದು. ಊರಲ್ಲಿ ಒಬ್ಬರ ಬಾವಿ ನೀರು ಇನ್ನೊಬ್ಬರು ಮುಟ್ಟದೇ ಇದ್ದ ಕಾಲದಲ್ಲಿ, ಈ ಬಿಡಾರದಲ್ಲಿ ಹೆಂಗಸ್ರು ಒಬ್ಬರ ಒಲೆಯಿಂದ ಇನ್ನೊಬ್ಬರು ಕೆಂಡ ಇಸ್ಕೊಂಡು ಹೋಗ್ತಿದ್ರು ಅಂದ್ರೆ ಸಣ್ಣ ಸಂಗತಿ ಅಲ್ಲ.

ಬದಲಾವಣೆ ಒಂದೇ ಸಲಕ್ಕೆ ಬರಲಿಲ್ಲ. 1891ರಲ್ಲಿ ಮೈಸೂರಿಂದ ನಂಜನಗೂಡಿಗೆ ರೈಲು ಬಂತು. 1920ರ ದಶಕದಲ್ಲಿ ಅದು ಚಾಮರಾಜನಗರ ಮುಟ್ಟಿ, ಅಲ್ಲಿಗೇ ನಿಂತಿತು. ಮುಂದಕ್ಕೆ ತಮಿಳು ಸೀಮೆಗೆ ಹೋಗ್ಬೇಕು ಅನ್ನೋ ಮಾತು ಹಳೇದೇ, ನಡುವೆ ಕಾಡು. ಇವತ್ತಿಗೂ ಹಳಿ ಕಾಡಿನ ಅಂಚಲ್ಲೇ ಮುಗೀತದೆ. ಆಮೇಲೆ ಬಸ್ಸು ಬಂತು. 1956ರಲ್ಲಿ ಕೊಳ್ಳೇಗಾಲ ನಮ್ಮ ರಾಜ್ಯಕ್ಕೆ ಸೇರಿತು. ಮಾದಪ್ಪನ ಬೆಟ್ಟಕ್ಕೆ ಮೋಟಾರು ರಸ್ತೆ ಆಯ್ತು. ಮರದ ಚಕ್ರ ಹೋಗಿ ಟೈರಿನ ಡನ್‌ಲಪ್ ಗಾಡಿ ಬಂತು. ಹದಿನೈದು ದಿನದ ಪರಸೆ ಒಂದೂವರೆ ದಿನಕ್ಕೆ ಇಳೀತು. ಹೆಂಗಸ್ರಿಗೆ ಅನುಕೂಲ ಆಯ್ತು, ಯಾಕಂದ್ರೆ ಮುಟ್ಟಿನ ಲೆಕ್ಕ ಸುಲಭ ಆಯ್ತು, ಹಟ್ಟಿ ಕಾಯೋಕೆ ಒಬ್ಬಳು ಉಳಿಯೋದು ತಪ್ಪಿತು. ಆದ್ರೆ ಹದಿನೈದು ದಿನ ಅತ್ತೆ-ಸೊಸೆ, ಓರಗಿತ್ತೀರು, ನೆರೆಹೊರೆಯವರು ಒಂದೇ ಆಕಾಶದ ಕೆಳಗೆ ಮಲಗಿ ಮಾತಾಡ್ತಿದ್ದದ್ದೂ ತಪ್ಪಿತು.

ನಡುವೆ ಕಾಡಿನ ಹೆಸರು ಕೇಳಿದ್ರೇ ಹೆದರೋ ಕಾಲ ಒಂದು ಬಂತು. ವೀರಪ್ಪನ್ ಕಾಲ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಹತ್ರ ನೆಲಬಾಂಬಿಗೆ 22 ಜನ ಸತ್ರು. 2000ದ ಜುಲೈ 30ರ ರಾತ್ರಿ ತಾಳವಾಡಿ ಪಕ್ಕದ ಗಾಜನೂರಿನ ತೋಟದ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನೇ ಎತ್ಕೊಂಡು ಹೋದ. 108 ದಿನ ಆದ ಮೇಲೆ ಅವರು ಬಂದ್ರು. 2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಸತ್ತ. ಆ ವರ್ಷಗಳಲ್ಲಿ ಕಾಡಂಚಲ್ಲಿ ರಾತ್ರಿ ತಂಗೋ ಮಾತನ್ನ ಯಾವ ಮನೇಲೂ ಎತ್ತುತ್ತಿರಲಿಲ್ಲ. ಈಗಿನ ನಲವತ್ತರ ವಯಸ್ಸಿನ ಹೆಂಗಸ್ರಿಗೆ ಬಿಡಾರದ ನೆನಪೇ ಇಲ್ದಿರೋದಕ್ಕೆ ಇದೂ ಒಂದು ಕಾರಣ.

ಅತ್ತ ಗುಂಡ್ಲುಪೇಟೆ ಕಡೆ ಬೇರೆ ಕತೆ. ಮಹಾರಾಜರ ಕಾಲದಲ್ಲಿ 1931ರಲ್ಲಿ ಬಂಡೀಪುರದ ಒಂದು ಭಾಗ ರಕ್ಷಿತ ಕಾಡಾಯ್ತು. ಅದೇ ಮುಂದೆ ದೊಡ್ಡದಾಗಿ, ಬೆಟ್ಟದ ಗೋಪಾಲಸ್ವಾಮಿ ಹೆಸರಲ್ಲೇ ವೇಣುಗೋಪಾಲ ವನ್ಯಧಾಮ ಆಯ್ತು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಆದ್ರೆ ಕಾಡಿನ ನಡುವೆ ಎರಡು ಹೆದ್ದಾರಿ: ಒಂದು ಊಟಿಗೆ, ಒಂದು ಸುಲ್ತಾನ್ ಬತ್ತೇರಿಗೆ. ಎತ್ತಿನ ಗಾಡಿ ಹೋಗ್ತಿದ್ದ ಕಾಲದಲ್ಲಿ ಸಂಜೆ ಆದ್ಮೇಲೆ ಖಾಲಿ ಬೀಳ್ತಿದ್ದ ದಾರೀಲಿ ರಾತ್ರಿ ಪೂರಾ ಲಾರಿ, ಕಾರು. ಜಿಂಕೆ, ಚಿರತೆ, ಆನೆ ಮರಿ ಚಕ್ರಕ್ಕೆ ಸಿಕ್ಕಿ ಸಾಯ್ತಿದ್ದವು.

2009ರ ಜೂನ್‌ನಲ್ಲಿ ನಮ್ಮ ಜಿಲ್ಲಾಧಿಕಾರಿಗಳು ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಈ ಎರಡೂ ರಸ್ತೇಲಿ ವಾಹನ ಬಿಡಬಾರದು ಅಂತ ಆದೇಶ ಮಾಡಿದ್ರು. ಒತ್ತಡ ಬಂದು ಆದೇಶ ವಾಪಸ್ ಆಯ್ತು. ವಿಷಯ ಹೈಕೋರ್ಟಿಗೆ ಹೋಯ್ತು. 2010ರ ಮಾರ್ಚ್‌ನಲ್ಲಿ ಕೋರ್ಟು ನಿಷೇಧವನ್ನ ಎತ್ತಿ ಹಿಡೀತು. ಆಂಬುಲೆನ್ಸಿಗೆ, ಕೆಲವೇ ಸರ್ಕಾರಿ ಬಸ್ಸಿಗೆ ಮಾತ್ರ ಬಿಡುವು. ಕೇರಳದ ಕಡೆಯವರು ಒಪ್ಪಲಿಲ್ಲ. 2019ರಲ್ಲಿ ಸುಲ್ತಾನ್ ಬತ್ತೇರೀಲಿ ಉಪವಾಸ ಕೂತ್ರು. ಮೇಲ್ಸೇತುವೆ ಕಟ್ಟಿ ಅನ್ನೋ ಮಾತೂ ಬಂತು. ಆಮೇಲೆ 2022ರಲ್ಲಿ ನಮ್ಮ ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗೋ, 27 ತಿರುವಿನ ದಿಂಬಂ ಘಾಟಿಗೂ ಕೋರ್ಟಿಂದ ರಾತ್ರಿ ನಿರ್ಬಂಧ ಬಂತು.

ಇದರಲ್ಲಿ ನಮ್ಮ ಕಡೆಯವರಿಗೂ ನಷ್ಟ ಇದೆ, ಅದನ್ನ ಮುಚ್ಚಿಡಬಾರದು. ತರಕಾರಿ, ಹೂವು ಹೊತ್ತು ಮೀರೋಕೆ ಮುಂಚೆ ಗೇಟು ದಾಟಬೇಕು. ಮದುವೆ ಮನೆಯಿಂದ ಬರೋರು ಗೇಟಲ್ಲೇ ರಾತ್ರಿ ಕಳೆದದ್ದೂ ಉಂಟು. ಆದ್ರೆ ಆ ಆದೇಶ ಏನು ಹೇಳ್ತದೆ ಅಂತ ಸುಮ್ನೆ ಬಿಡಿಸಿ ನೋಡಿ. ಹೊತ್ತು ಮುಳುಗಿದ ಮೇಲೆ ಕಾಡು ಹಾಯಬೇಡಿ, ಗಾಡಿ ಬುಡಿ. ನಮ್ಮ ಮುತ್ತಜ್ಜಿ ಹೇಳಿದ್ದನ್ನೇ ಹೈಕೋರ್ಟು ಹೇಳ್ತು. ನೂರು ವರ್ಷ ಬಿಟ್ಟು, ಅಷ್ಟು ಪ್ರಾಣಿ ಸತ್ತ ಮೇಲೆ.

ಇನ್ನು ಗಾಡಿಗೆ ಏನಾಯ್ತು? ಅದು ಸಾಯಲಿಲ್ಲ, ಟ್ರಾಕ್ಟರ್ ಹಿಂದಕ್ಕೆ ಸೇರ್ಕೊಳ್ತು. ಶಿವರಾತ್ರಿ, ಚಿಕ್ಕಲ್ಲೂರು ಜಾತ್ರೆ ಹೊತ್ತಿಗೆ ರಸ್ತೇಲಿ ನೋಡಿ: ಟ್ರೇಲರ್ ಮೇಲೆ ಬಿದಿರು ಕಮಾನು ಕಟ್ಟಿ ಟಾರ್ಪಾಲು ಹೊದಿಸಿ, ಒಳಗೆ ಹುಲ್ಲು ಹಾಸಿ, ಗ್ಯಾಸ್ ಸಿಲಿಂಡರು, ಅಕ್ಕಿ ಮೂಟೆ, ಇಪ್ಪತ್ತು ಜನ. ವಿಡಿಯೊದಲ್ಲಿ ನೋಡೋ ಗಾಡಿ-ಮನೆ ನಮ್ಮಲ್ಲಿ ಆಗಿರೋದು ಹಿಂಗೆ. ನೋಡೋಕೆ ಕಣ್ತುಂಬ್ತದೆ. ಆದ್ರೆ ಒಂದು ಮಾತು ಹೇಳ್ಲೇಬೇಕು. ಎತ್ತಿನ ಗಾಡಿ ಮಗುಚಿದ್ರೆ ಕೈಕಾಲು ತರಚ್ತಿತ್ತು. ಟ್ರೇಲರ್ ಮಗುಚಿದ್ರೆ ಜೀವ ಹೋಗ್ತದೆ. ಅದು ಗೊಬ್ಬರ, ಕಬ್ಬು ಹೊರೋಕೆ ಮಾಡಿದ್ದು. ಅದರಲ್ಲಿ ಜನ ಕೂರಿಸೋಕೆ ಕಾನೂನೂ ಒಪ್ಪಲ್ಲ. ಘಾಟಿ ಇಳಿಯೋವಾಗ ಹಿಂದಿನ ಭಾರವೇ ಮುಂದಿನ ಎಂಜಿನ್ನನ್ನ ತಳ್ತದೆ. ಅದಕ್ಕೆ ಸಾಮಾನು ಟ್ರೇಲರ್‌ನಲ್ಲಿ ಬರ್ಲಿ, ಹೆಂಗಸ್ರು-ಐಕ ಬಸ್ಸಲ್ಲಿ ಬರ್ಲಿ. ಅಣ್ಣ-ತಮ್ಮಂದಿರು "ಏನೂ ಆಗಲ್ಲ ಹತ್ತು ಅಕ್ಕ" ಅಂದ್ರೆ, ಹತ್ತಲ್ಲ ಅನ್ನಿ. ಗಾಡಿ ಸಾಮಾನಿಗೆ, ಕಾಲು ನಮಗೆ ಅನ್ನೋ ಹಳೇ ಮಾತೇ ಇಲ್ಲಿ ಸರಿ.

ಕಾಡಿನ ಕಡೆ ಹೋಗೋವಾಗ ಮಿಕ್ಕ ಕಟ್ಟುಪಾಡೂ ಮರೀಬೇಡಿ. 2019ರ ಫೆಬ್ರವರೀಲಿ ಬಂಡೀಪುರದಲ್ಲಿ, ಗೋಪಾಲಸ್ವಾಮಿ ಬೆಟ್ಟದ ಸುತ್ತ ಬೆಂಕಿ ಬಿದ್ದು ಸಾವಿರಾರು ಎಕರೆ ಕಾಡು ಸುಟ್ಟೋಯ್ತು. ಒಂದು ಕಡ್ಡಿ ಬೆಂಕಿ ಎಷ್ಟು ದೂರ ಹೋಗ್ತದೆ ಅಂತ ಒಲೆ ಮುಂದೆ ಕೂತು ಬೆಳೆದ ನಮಗೆ ಹೇಳಿಕೊಡ್ಬೇಕಾ? ಈಗ ಗೋಪಾಲಸ್ವಾಮಿ ಬೆಟ್ಟಕ್ಕೆ ನಮ್ಮ ಗಾಡಿ ಹೋಗಲ್ಲ, ಬುಡದಲ್ಲೇ ನಿಲ್ಸಿ ಸರ್ಕಾರಿ ಬಸ್ಸು ಹತ್ಬೇಕು. ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ರಕ್ಷಿತಾರಣ್ಯ, ಮಾದಪ್ಪನ ಬೆಟ್ಟ 2013ರಿಂದ ವನ್ಯಧಾಮ. ದಾರೀಲಿ ಗಾಡಿ ನಿಲ್ಸಿ ಮಂಗನಿಗೆ ಬಿಸ್ಕತ್ತು ಎಸೆಯೋದು, ಆನೆ ಕಂಡ್ರೆ ಇಳಿದು ಫೋಟೊ ತೆಗೆಯೋದು, ತಿಂದ ಪ್ಲಾಸ್ಟಿಕ್ ಅಲ್ಲೇ ಬಿಸಾಕೋದು ನಮ್ಮ ಪರಸೆಯಲ್ಲಿ ಇರಲಿಲ್ಲ. ಅದು ಹೊರಗಿಂದ ಬಂದ ಚಾಳಿ. ನಮ್ಮ ಐಕಳಿಗೆ ಅಂಟಬಾರದು.

ಕೊನೇದಾಗಿ ಅಡುಗೆ ಮಾತು. ಹಳೇ ಪರಸೇನ ನಾವು ಸುಮ್ನೆ ಹೊಗಳ್ಬಾರದು. ದೇವರ ದರ್ಶನ ಎಲ್ಲರಿಗೂ ಸಿಕ್ತು. ಹೊಗೆ ಮಾತ್ರ ಹೆಂಗಸ್ರಿಗೇ ಸಿಕ್ತು. ಮನೇಲಿದ್ದ ಒಲೇನೇ ಕಾಡಿಗೆ ಹೊತ್ಕೊಂಡು ಹೋದಂಗೆ. ಈ ಒಂದು ವಿಷಯದಲ್ಲಿ ಈಗಿನ ಕಾಲ ವಾಸಿ. ಶಿವರಾತ್ರಿ ಪಾದಯಾತ್ರೆ ದಾರೀಲಿ ಊರೂರಿನವರು ಚಪ್ಪರ ಹಾಕಿ ಮಜ್ಜಿಗೆ, ಪಾನಕ, ಅನ್ನ-ಸಾರು ಇಕ್ತಾರೆ; ದೊಡ್ಡ ಹಂಡೇಲಿ ಸೌಟು ತಿರುವೋರು ಗಂಡಸ್ರು. ನಮ್ಮೂರ ಕಡೆ ಹೆಂಗಸ್ರು ಬರೀ ಒಂದು ಚೀಲ, ಒಂದು ಸೀರೆ ಹಿಡ್ಕೊಂಡು ಗುಂಪು ಕಟ್ಕೊಂಡು ನಡೀತಾರೆ. ಬೈಗಾದ್ರೆ ಊರೊಳಗಿನ ಶಾಲೇಲೋ, ಛತ್ರದಲ್ಲೋ ಗುಂಪಾಗಿ ಮಲಗ್ತಾರೆ, ಕಾಡಲ್ಲಿ ಅಲ್ಲ.

ಈ ಸಲ ಹೋಗೋರು ಸೋಮವಾರದೊಳಗೆ ಹೆಸರು ಕೊಡಿ. ತಂಗೋ ಊರುಗಳನ್ನ ಮೊದಲೇ ಗೊತ್ತು ಮಾಡ್ಕೊಂಡು, ದಿನಾ ಸಂಜೆ ಐದೂವರೆಗೆ ನಡಿಗೆ ನಿಲ್ಲಿಸೋದು ಅಂತ ಲೆಕ್ಕ ಇಟ್ಟಿದೀವಿ.